ಎಲ್ಲವನ್ನೂ ಕೊಟ್ಟಿದ್ದೇವೆ ಎಂದವರು ಉಳಿಸಿಕೊಂಡ 21 ಜಾಗಗಳು

2004ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನದೇ ದೇಶದ ಒಬ್ಬ ಸೆನೆಟರ್‌ಗೆ ಪತ್ರ ಬರೆಯಿತು. ಅವರ ಹೆಸರು ಕಾರ್ಲ್ ಲೆವಿನ್, ಮಿಷಿಗನ್ ರಾಜ್ಯದವರು. ಪತ್ರದ ಸಾರ ಇಷ್ಟು: ಇರಾಕ್‌ನಲ್ಲಿ ನಿಷೇಧಿತ ಅಸ್ತ್ರಗಳು ಇರಬಹುದು ಎಂಬ ಅನುಮಾನದ ಮೇಲೆ ನಾವು ಗುರುತು ಹಾಕಿಕೊಂಡಿದ್ದ ಮುಖ್ಯ ಜಾಗಗಳು 105. ಅದರಲ್ಲಿ 21ರ ಮಾಹಿತಿಯನ್ನು ವಿಶ್ವಸಂಸ್ಥೆಯ ತಪಾಸಣೆಗಾರರಿಗೆ ಕೊಟ್ಟಿರಲಿಲ್ಲ. ಆ ಪತ್ರ ಬರುವಷ್ಟರಲ್ಲಿ ಯುದ್ಧ ಶುರುವಾಗಿ ಹತ್ತು ತಿಂಗಳಾಗಿತ್ತು. ಬಾಗ್ದಾದ್ ಬಿದ್ದಾಗಿತ್ತು, ಸದ್ದಾಂ ಸಿಕ್ಕಿಬಿದ್ದಾಗಿತ್ತು. ಸುದ್ದಿ ಬಂತು, ಹೋಯಿತು.

ನಾನು ಇವತ್ತು ಮಾತಾಡುವುದು ಆ 21ರ ಬಗ್ಗೆ. ಯುದ್ಧ ಸರಿಯೋ ತಪ್ಪೋ ಎಂಬ ವಿಷಯಕ್ಕೆ ನಾನು ಹೋಗುವುದಿಲ್ಲ, ಅದರ ಬಗ್ಗೆ ಇಲ್ಲಿ ಕೂತ ಎಲ್ಲರಿಗೂ ಅವರವರ ಅಭಿಪ್ರಾಯ ಇದ್ದೇ ಇರುತ್ತದೆ. ಭಟ್ಕಳ, ಹೊನ್ನಾವರ ಕಡೆಯವರಿಗಂತೂ ಗಲ್ಫ್‌ನ ಯುದ್ಧ ಎಂದರೆ ಪೇಪರಿನ ಸುದ್ದಿ ಮಾತ್ರ ಅಲ್ಲ. 1990ರಲ್ಲಿ ಕುವೈತಿನಿಂದ ಒಂದೂಮುಕ್ಕಾಲು ಲಕ್ಷದ ಹತ್ತಿರ ಭಾರತೀಯರನ್ನು ವಿಮಾನದಲ್ಲಿ ವಾಪಸ್ ಕರೆತಂದ ಕಾಲವನ್ನು ನೆನಪಿಟ್ಟುಕೊಂಡಿರುವ ಹಿರಿಯರು ಇಲ್ಲೂ ಇರಬಹುದು. ನನ್ನ ಪ್ರಶ್ನೆ ಚಿಕ್ಕದು. ಒಂದು ಸರ್ಕಾರ ಗುಟ್ಟು ಇಟ್ಟುಕೊಳ್ಳುವುದು ಬೇರೆ, ಗುಟ್ಟು ಇಟ್ಟುಕೊಂಡಿಲ್ಲ ಎಂದು ಹೇಳುವುದು ಬೇರೆ. ಎರಡನೆಯದರಿಂದ ಏನು ಹಾನಿ?

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. 2002ರ ನವೆಂಬರ್ 8ರಂದು ಭದ್ರತಾ ಮಂಡಳಿ 1441ನೇ ನಿರ್ಣಯ ಪಾಸು ಮಾಡಿತು. ಹದಿನೈದಕ್ಕೆ ಹದಿನೈದೂ ಮತ, ಸಿರಿಯಾ ಕೂಡ ಕೈ ಎತ್ತಿತು. ತಪಾಸಣೆಗಾರರು ಇರಾಕ್‌ಗೆ ಮತ್ತೆ ಹೋಗಬೇಕು, ಸದ್ದಾಂ ಎಲ್ಲ ಬಾಗಿಲು ತೆಗೆಯಬೇಕು. ಇದು ಎಲ್ಲರಿಗೂ ಗೊತ್ತು. ಅದೇ ನಿರ್ಣಯದ 10ನೇ ಪ್ಯಾರಾವನ್ನು ಮಾತ್ರ ಯಾರೂ ಜಾಸ್ತಿ ಓದಿಲ್ಲ. ತಪಾಸಣೆಗಾರರಿಗೆ ಪೂರ್ತಿ ಬೆಂಬಲ ಕೊಡಿ, ನಿಷೇಧಿತ ಕಾರ್ಯಕ್ರಮಗಳ ಬಗ್ಗೆ ಮಾಹಿತಿ ಇದ್ದರೆ ಕೊಡಿ, ಯಾವ ಜಾಗ ನೋಡಬೇಕು, ಯಾರನ್ನು ವಿಚಾರಿಸಬೇಕು ಎಂದು ಸಲಹೆ ಕೊಡಿ ಎಂದು ಅದು ಎಲ್ಲ ಸದಸ್ಯ ದೇಶಗಳನ್ನೂ ಕೇಳಿಕೊಂಡಿತ್ತು. ಅಂದರೆ ಬಾಗಿಲು ತೆಗೆಯಬೇಕಾದದ್ದು ಸದ್ದಾಂ ಒಬ್ಬನೇ ಅಲ್ಲ.

ನವೆಂಬರ್ 27ಕ್ಕೆ ಕೆಲಸ ಶುರುವಾಯಿತು. ರಾಸಾಯನಿಕ, ಜೈವಿಕ ಅಸ್ತ್ರ ಮತ್ತು ಕ್ಷಿಪಣಿ ನೋಡಲು ಅನ್ಮೋವಿಕ್ ಎಂಬ ವಿಶ್ವಸಂಸ್ಥೆಯ ತಂಡ, ಅದಕ್ಕೆ ಸ್ವೀಡನ್ನಿನ ಹಾನ್ಸ್ ಬ್ಲಿಕ್ಸ್ ಮುಖ್ಯಸ್ಥರು. ಅಣ್ವಸ್ತ್ರದ ಕಡೆಗೆ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಅದಕ್ಕೆ ಈಜಿಪ್ಟಿನ ಮೊಹಮದ್ ಎಲ್‌ಬರಾದೆ. ತಿಂಗಳಾಗುವುದರೊಳಗೆ ಬ್ಲಿಕ್ಸ್ ಬಹಿರಂಗವಾಗಿ ಗೊಣಗಲು ಶುರು ಮಾಡಿದರು. ಅಮೆರಿಕ, ಬ್ರಿಟನ್ ನಮ್ಮ ಬಳಿ ಗಟ್ಟಿ ಸಾಕ್ಷಿ ಇದೆ ಎನ್ನುತ್ತವೆ, ಆದರೆ ನಮಗೆ ಬೇಕಾದಷ್ಟು ಮಾಹಿತಿ ಕೊಡುತ್ತಿಲ್ಲ ಎಂದು. ಜನವರಿ ಹೊತ್ತಿಗೆ ಸ್ವಲ್ಪ ಸ್ವಲ್ಪ ಬರತೊಡಗಿತು.

ಇದನ್ನು ನಮ್ಮೂರಿನ ಲೆಕ್ಕದಲ್ಲಿ ನೋಡಿ. ಮಾಜಾಳಿ ಚೆಕ್‌ಪೋಸ್ಟ್. ಯಾರೋ ಒಬ್ಬ ಫೋನ್ ಮಾಡಿ, ಗೋವಾದಿಂದ ಮೀನಿನ ಲಾರಿಯಲ್ಲಿ ಮಾಲು ಬರುತ್ತಿದೆ, ನನಗೆ ಪಕ್ಕಾ ಗೊತ್ತು ಎನ್ನುತ್ತಾನೆ. ಯಾವ ಲಾರಿ, ಎಷ್ಟು ಹೊತ್ತಿಗೆ, ನಂಬರ್ ಎಷ್ಟು? ಕೆಲವು ಹೇಳುತ್ತಾನೆ, ಕೆಲವು ಹೇಳುವುದಿಲ್ಲ. ಸಿಬ್ಬಂದಿ ರಾತ್ರಿಯಿಡೀ ಲಾರಿ ನಿಲ್ಲಿಸುತ್ತಾರೆ, ಐಸ್ ತುಂಬಿದ ಕ್ರೇಟ್‌ಗಳನ್ನು ಒಂದೊಂದಾಗಿ ಇಳಿಸಿ ಬಂಗಡೆಯ ಕೆಳಗೆ ಕೈ ಹಾಕಿ ನೋಡುತ್ತಾರೆ. ಏನೂ ಸಿಗುವುದಿಲ್ಲ. ಬೆಳಗಾದ ಮೇಲೆ ಅದೇ ಮನುಷ್ಯ ಚಾದ ಅಂಗಡಿಯಲ್ಲಿ ಕೂತು, ನಾನು ಎಲ್ಲ ನಂಬರೂ ಕೊಟ್ಟಿದ್ದೆ, ಇವರಿಗೆ ಹಿಡಿಯಲು ಬರುವುದಿಲ್ಲ ಎಂದರೆ? ಅವನು ಎಷ್ಟು ನಂಬರ್ ಕೊಟ್ಟ ಎನ್ನುವುದು ಗೊತ್ತಿಲ್ಲದೆ, ತಪ್ಪು ಸಿಬ್ಬಂದಿಯದೋ ಸುದ್ದಿಯದೋ ಎಂದು ಹೇಳಲು ಬರುವುದೇ ಇಲ್ಲ.

ಅಮೆರಿಕ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. 2003ರ ಫೆಬ್ರವರಿ ಎರಡನೇ ವಾರ, ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಸೆನೆಟ್ ಸಮಿತಿಗಳ ಮುಂದೆ ಬಂದರು. ಲೆವಿನ್ ನೇರವಾಗಿ ಕೇಳಿದರು: ಮುಖ್ಯ ಅಂತ ನೀವು ಗುರುತು ಹಾಕಿದ ಜಾಗಗಳ ಮಾಹಿತಿಯನ್ನೆಲ್ಲ ತಪಾಸಣೆಗಾರರಿಗೆ ಕೊಟ್ಟಿದ್ದೀರಾ? ಟೆನೆಟ್ ಉತ್ತರ ಹೌದು ಎಂದೇ. ಮಾರ್ಚ್ 6ಕ್ಕೆ ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಜಾ ರೈಸ್ ಅದೇ ಲೆವಿನ್‌ಗೆ ಬರೆದ ಪತ್ರದಲ್ಲೂ ಇದೇ ಮಾತು, ಹೆಚ್ಚು ಮತ್ತು ಮಧ್ಯಮ ಆದ್ಯತೆಯ ಪ್ರತಿಯೊಂದು ಜಾಗದ ಬಗ್ಗೆಯೂ ಅವರಿಗೆ ತಿಳಿಸಲಾಗಿದೆ ಎಂದು. ಪ್ರತಿಯೊಂದು. ಯುದ್ಧಕ್ಕೆ ಆಗ ಎರಡು ವಾರ.

ಇಲ್ಲಿ ಲೆವಿನ್ ಅವರ ಪಾಡು ನೋಡಿ. ಅವರು ಆ ಸಮಿತಿಗಳಲ್ಲಿ ಇದ್ದವರು, ನಿಜವಾದ ಸಂಖ್ಯೆಗಳನ್ನು ನೋಡಿದ್ದರು. ಬಹಿರಂಗವಾಗಿ ಹೇಳುತ್ತಿರುವುದಕ್ಕೂ ಕಾಗದದಲ್ಲಿ ಇರುವುದಕ್ಕೂ ತಾಳೆ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಸಂಖ್ಯೆ ರಹಸ್ಯ. ಬಾಯಿಬಿಟ್ಟರೆ ಕಾನೂನು ಮುರಿದಂತೆ. ಹಾಗಾಗಿ ನೀವು ಹೇಳುತ್ತಿರುವುದು ಸರಿಯಿಲ್ಲ ಎಂದು ಹೇಳಬಹುದು, ಎಷ್ಟು ಸರಿಯಿಲ್ಲ ಎಂದು ಹೇಳುವಂತಿಲ್ಲ. ಟಿವಿ ನೋಡುವವನಿಗೆ ಇದು ಸುಮ್ನೆ ವಿರೋಧ ಪಕ್ಷದವರ ಕಿರಿಕಿರಿ ಎಂದು ಕಾಣುತ್ತದೆ, ಅಲ್ವಾ? ಗುಟ್ಟಿನ ಮುದ್ರೆ ಇರುವುದು ಶತ್ರುವಿನಿಂದ ಕಾಪಾಡಲು. ಇಲ್ಲಿ ಅದು ಕಾಪಾಡಿದ್ದು ಒಂದು ಸುಳ್ಳು ಹೇಳಿಕೆಯನ್ನು, ಅದೂ ಸ್ವಂತ ಜನರಿಂದ.

ಈಗ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಮಾಹಿತಿ ಪೂರ್ತಿ ಕೊಡದೇ ಇರಲು ಕಾರಣಗಳೇ ಇಲ್ಲವೇ? ಇವೆ, ಒಳ್ಳೆಯ ಕಾರಣಗಳೇ ಇವೆ. ಬಾಗ್ದಾದಿನ ಒಂದು ಕಚೇರಿಯಲ್ಲಿ ಕೂತು ಸುದ್ದಿ ಕೊಡುವ ಮನುಷ್ಯ ಒಬ್ಬನೇ ಎಂದುಕೊಳ್ಳಿ. ಅವನಿಗೆ ಮಾತ್ರ ಗೊತ್ತಿರುವ ಗೋದಾಮಿಗೆ ನಾಳೆ ಬೆಳಿಗ್ಗೆ ತಪಾಸಣೆಗಾರರ ಬಿಳಿ ಜೀಪು ಹೋಗಿ ನಿಂತರೆ ಸಂಜೆಯೊಳಗೆ ಅವನ ತಲೆ ಹೋಗುತ್ತದೆ. ಜೊತೆಗೆ ತಪಾಸಣೆಗಾರರ ಕಚೇರಿಯಲ್ಲೇ ಇರಾಕಿಗಳು ಕಿವಿ ಇಟ್ಟಿದ್ದಾರೆ ಎಂಬ ಭಯ ಬೇರೆ. ಗುಪ್ತಚರರಿಗೆ ಇಂಥ ಹೆದರಿಕೆ ಇರುವುದು ಸಹಜ, ನಾನು ಇದನ್ನು ತಮಾಷೆ ಮಾಡುವುದಿಲ್ಲ.

ಹಳೆಯ ಕಥೆಯೂ ಒಂದಿದೆ. ಅನ್ಮೋವಿಕ್‌ಗೆ ಮೊದಲು, 1991ರಿಂದ, ಅನ್‌ಸ್ಕಾಮ್ ಎಂಬ ತಂಡ ಇತ್ತು. ಅದರಲ್ಲಿ ಕೆಲಸ ಮಾಡುವವರು ಬಹಳ ಮಂದಿ ಬೇರೆ ಬೇರೆ ಸರ್ಕಾರಗಳಿಂದ ಎರವಲು ಬಂದವರು, ಸಂಬಳವೂ ಆ ಸರ್ಕಾರಗಳದ್ದೇ. ಇವರು ಗೂಢಚಾರರು ಎಂದು ಸದ್ದಾಂ ಬೊಬ್ಬೆ ಹೊಡೆಯುತ್ತಿದ್ದ, ಕಳ್ಳನ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1998ರ ಡಿಸೆಂಬರ್‌ನಲ್ಲಿ ತಂಡ ಹೊರಬಂತು, ಅಮೆರಿಕ ಮತ್ತು ಬ್ರಿಟನ್ ನಾಲ್ಕು ದಿನ ಬಾಂಬ್ ಹಾಕಿದವು. ಅದಾದ ಮೇಲಿನ ತಿಂಗಳು, 1999ರ ಜನವರಿಯಲ್ಲಿ, ಅಮೆರಿಕದ್ದೇ ಪತ್ರಿಕೆಗಳು ಬರೆದವು: ಅನ್‌ಸ್ಕಾಮ್ ತಂಡವನ್ನು ಬಳಸಿಕೊಂಡು ಅಮೆರಿಕ ಇರಾಕ್ ಸೇನೆಯ ಮಾತುಕತೆಗಳನ್ನು ಕದ್ದು ಕೇಳುತ್ತಿತ್ತು ಎಂದು. ಕಳ್ಳನ ಮಾತಿನಲ್ಲೂ ಅರ್ಧ ನಿಜ ಇತ್ತು. ಹೀಗಾಗಿ ಬ್ಲಿಕ್ಸ್ ಬಂದಾಗ ನಿಯಮ ಬದಲಾಯಿತು. ತಪಾಸಣೆಗಾರರೆಲ್ಲ ವಿಶ್ವಸಂಸ್ಥೆಯ ಸಂಬಳದವರು. ಮಾಹಿತಿ ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ. ಕೊಡುವವರಿಗೆ ಲಾಭ ಇಲ್ಲದ ವ್ಯವಹಾರ ಇದು, ಕೊಡುವ ಕೈ ಬಿಗಿಯಾಗುವುದು ಆಶ್ಚರ್ಯ ಅಲ್ಲ.

ಹಾಗಾದರೆ 21 ಜಾಗಗಳನ್ನು ಉಳಿಸಿಕೊಂಡರೆ ಏನಾಯಿತು, 84 ಕೊಟ್ಟಿದ್ದಾರಲ್ಲ ಎಂದು ಕೇಳಬಹುದು. ಸರಿ. "84 ಕೊಟ್ಟಿದ್ದೇವೆ, 21 ಕೊಡಲು ಆಗುವುದಿಲ್ಲ, ಕಾರಣ ಹೇಳಲೂ ಆಗುವುದಿಲ್ಲ" ಎಂದಿದ್ದರೆ ನನ್ನ ತಕರಾರು ಏನೂ ಇರಲಿಲ್ಲ, ನಾನು ಇವತ್ತು ಬೇರೆ ವಿಷಯ ಮಾತಾಡುತ್ತಿದ್ದೆ. ಆದರೆ ಹಾಗೆ ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: 21 ಜಾಗ ಇನ್ನೂ ನೋಡಿಯೇ ಇಲ್ಲ ಎಂದರೆ ತಪಾಸಣೆ ಮುಗಿದಿಲ್ಲ, ಮುಗಿಯದ ತಪಾಸಣೆಯನ್ನು ನಿಲ್ಲಿಸಿ ಯುದ್ಧಕ್ಕೆ ಯಾಕೆ ಅವಸರ? ಮಾರ್ಚ್ 7ರಂದು ಬ್ಲಿಕ್ಸ್ ಭದ್ರತಾ ಮಂಡಳಿಯಲ್ಲಿ ಕೇಳಿದ್ದು ವರ್ಷಗಳನ್ನಲ್ಲ, ವಾರಗಳನ್ನೂ ಅಲ್ಲ, ಕೆಲವು ತಿಂಗಳು. ಎಲ್ಲವನ್ನೂ ಕೊಟ್ಟಾಯಿತು ಎಂಬ ಒಂದು ವಾಕ್ಯ ಆ ಬೇಡಿಕೆಯ ಕಾಲು ಮುರಿಯಿತು. ಎಲ್ಲ ಕೊಟ್ಟರೂ ಸಿಗಲಿಲ್ಲ ಎಂದರೆ ತಪಾಸಣೆಯೇ ಕೆಲಸಕ್ಕೆ ಬಾರದ್ದು ಎಂದು ಅರ್ಥ, ಅಲ್ವಾ? ಉಪಾಧ್ಯಕ್ಷ ಡಿಕ್ ಚೀನಿ 2002ರ ಆಗಸ್ಟ್‌ನಲ್ಲೇ, ತಪಾಸಣೆಗಾರರು ಹೋಗುವುದಕ್ಕೂ ಮೊದಲೇ, ಅದರಿಂದ ಸುಳ್ಳು ಸಮಾಧಾನವಷ್ಟೇ ಸಿಗುತ್ತದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದ್ದರು.

ಮತ್ತೆ, ಇದನ್ನು ನಂಬಿ ತೀರ್ಮಾನ ಮಾಡಬೇಕಾದವರು ಯಾರು? ಆಗ ಭದ್ರತಾ ಮಂಡಳಿಯಲ್ಲಿ ಅಂಗೋಲಾ, ಕ್ಯಾಮರೂನ್, ಗಿನಿ, ಚಿಲಿ, ಮೆಕ್ಸಿಕೊ, ಪಾಕಿಸ್ತಾನ ಇದ್ದವು. ಯಾವ ಕಡೆ ಮತ ಹಾಕಬೇಕು ಎಂದು ಇನ್ನೂ ಗಟ್ಟಿ ಮಾಡಿರದ ದೇಶಗಳು. ಗಿನಿಯ ಬಳಿ ಬೇಹುಗಾರಿಕೆ ಉಪಗ್ರಹ ಇಲ್ಲ. ಅವರ ಕಣ್ಣು ಎಂದರೆ ಬ್ಲಿಕ್ಸ್ ತಂಡವೇ. ಆ ಕಣ್ಣಿಗೆ ಅರ್ಧ ಪಟ್ಟಿ ಕಟ್ಟಿ, ಪಟ್ಟಿ ಕಟ್ಟಿಲ್ಲ ಎಂದರೆ ಮೋಸ ಹೋದದ್ದು ಅಮೆರಿಕದ ಸೆನೆಟ್ ಮಾತ್ರ ಅಲ್ಲ. ಯುದ್ಧ ಆದ ಮೇಲೆ ನಮ್ಮನ್ನೂ ಸೈನಿಕರನ್ನು ಕಳಿಸಿ ಎಂದು ಕೇಳಿದ್ದರು. 2003ರ ಜುಲೈ 14ರಂದು ವಾಜಪೇಯಿ ಸರ್ಕಾರ ಆಗುವುದಿಲ್ಲ ಎಂದಿತು. ಆ ದಿನ ಬೇರೆ ತೀರ್ಮಾನ ಆಗಿದ್ದರೆ ಬಾಗ್ದಾದ್ ರಸ್ತೆಗಳಲ್ಲಿ ನಮ್ಮ ಜಿಲ್ಲೆಯ ಹುಡುಗರೂ ಇರುತ್ತಿದ್ದರೋ ಏನೋ.

ಕೊಟ್ಟ ಮಾಹಿತಿಯ ಗುಣ ಹೇಗಿತ್ತು ಎಂದು ಎರಡು ಉದಾಹರಣೆ ಹೇಳುತ್ತೇನೆ. ಮೊದಲನೆಯದು ಆಫ್ರಿಕಾದ ನೈಜರ್ ದೇಶದ ಹೆಸರಿನ ಕಾಗದಗಳು. ಇರಾಕ್ ಆಫ್ರಿಕಾದಿಂದ ಯುರೇನಿಯಂ ಕೊಳ್ಳಲು ನೋಡುತ್ತಿದೆ ಎಂದು ಅಧ್ಯಕ್ಷ ಬುಷ್ 2003ರ ಜನವರಿ 28ರ ಭಾಷಣದಲ್ಲಿ ಹೇಳಿದರು. ಈ ಆರೋಪಕ್ಕೆ ಆಧಾರ ಕೊಡಿ ಎಂದು ಐಎಇಎ ಡಿಸೆಂಬರ್‌ನಿಂದ ಕೇಳುತ್ತಲೇ ಇತ್ತು. ಕಾಗದಗಳ ಪ್ರತಿ ರೋಮ್‌ನ ಅಮೆರಿಕ ರಾಯಭಾರ ಕಚೇರಿಗೆ ಅಕ್ಟೋಬರ್‌ನಲ್ಲೇ ಬಂದಿತ್ತು. ಐಎಇಎ ಕೈಗೆ ಸಿಕ್ಕಿದ್ದು ಫೆಬ್ರವರಿ 4ಕ್ಕೆ, ಅಂದರೆ ಭಾಷಣ ಮುಗಿದು ವಾರ ಆದ ಮೇಲೆ. ಅಲ್ಲಿನವರು ಕಂಪ್ಯೂಟರ್ ಮುಂದೆ ಕೂತು ಅಂತರ್ಜಾಲದಲ್ಲಿ ಹುಡುಕಿದರು, ಅಷ್ಟೇ. 2000ನೇ ಇಸವಿಯ ಅಕ್ಟೋಬರ್ ತಾರೀಕು ಇದ್ದ ಒಂದು ಪತ್ರಕ್ಕೆ ನೈಜರ್‌ನ ವಿದೇಶಾಂಗ ಸಚಿವರ ಸಹಿ ಇತ್ತು. ಆ ಹೆಸರಿನವರು 1989ರಲ್ಲೇ ಆ ಹುದ್ದೆ ಬಿಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಮಾಜಿ ಆದ ಮಂತ್ರಿಯಿಂದ ಸಹಿ! ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಹಳೆ ಅಧ್ಯಕ್ಷರ ಸಹಿ ಇರುವ ಕಾಗದ ತಂದರೆ ಗುಮಾಸ್ತರೇ ವಾಪಸ್ ಕಳಿಸುತ್ತಾರೆ. ಮಾರ್ಚ್ 7ಕ್ಕೆ ಎಲ್‌ಬರಾದೆ ಭದ್ರತಾ ಮಂಡಳಿಯಲ್ಲಿ ಎದ್ದು, ಈ ಕಾಗದಗಳು ಅಸಲಿ ಅಲ್ಲ ಎಂದರು.

ಎರಡನೆಯದು ಒಂದು ಗೋಡೆ. ಇರಾಕ್‌ನಿಂದ ಜರ್ಮನಿಗೆ ಓಡಿಹೋದ ಒಬ್ಬ ಇಂಜಿನಿಯರ್ ಇದ್ದ, ಬೇಹುಗಾರರು ಅವನಿಗೆ ಇಟ್ಟ ಗುಪ್ತನಾಮ ಕರ್ವ್‌ಬಾಲ್. ಲಾರಿಗಳ ಮೇಲೆ ಜೈವಿಕ ಅಸ್ತ್ರದ ಕಾರ್ಖಾನೆ ಓಡಾಡುತ್ತಿದೆ, ನಾನು ಕೆಲಸ ಮಾಡುತ್ತಿದ್ದ ಜೆರ್ಫ್ ಅಲ್ ನದಾಫ್ ಎಂಬಲ್ಲಿನ ಬೀಜ ಶುದ್ಧೀಕರಣ ಘಟಕದ ಕಟ್ಟಡಕ್ಕೆ ಒಂದು ಕಡೆಯಿಂದ ಬಂದು ನಿಲ್ಲುತ್ತವೆ ಎಂದು ಅವನು ಹೇಳಿದ. ಫೆಬ್ರವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಈ ಲಾರಿಗಳ ಚಿತ್ರ ಬರೆಸಿ ಇಡೀ ಜಗತ್ತಿಗೆ ತೋರಿಸಿದರು. ಮೂರು ದಿನ ಬಿಟ್ಟು ಬ್ಲಿಕ್ಸ್ ತಂಡ ಆ ಜಾಗಕ್ಕೆ ಹೋಯಿತು. ಲಾರಿ ಒಳಗೆ ಬರುತ್ತದೆ ಎಂದ ಕಡೆ ಆಳೆತ್ತರದ ಗಟ್ಟಿ ಗೋಡೆ. ಲಾರಿ ಬಿಡಿ, ದನ ನುಗ್ಗಲೂ ದಾರಿ ಇಲ್ಲ. ಕಟ್ಟಡದ ಒಳಗೆ ತೆಗೆದ ಮಾದರಿಗಳಲ್ಲೂ ಏನೂ ಇರಲಿಲ್ಲ. ಸಿಐಎ ಅಧಿಕಾರಿಗಳು ಕರ್ವ್‌ಬಾಲ್‌ನನ್ನು ತಾವೇ ಕೂರಿಸಿಕೊಂಡು ಪ್ರಶ್ನಿಸಿದ್ದು 2004ರ ಮಾರ್ಚ್‌ನಲ್ಲಿ, ಯುದ್ಧ ಶುರುವಾಗಿ ವರ್ಷವಾದ ಮೇಲೆ. ಅಲ್ಲಿಯವರೆಗೆ ಜರ್ಮನ್ನರು ಕೊಟ್ಟ ವರದಿಯೇ ಗತಿ. ನಾನು ಹೇಳಿದ್ದು ಸುಳ್ಳು ಎಂದು ಅವನೇ 2011ರಲ್ಲಿ ಒಪ್ಪಿಕೊಂಡ.

ಈ ಎರಡೂ ಕಡೆ ಆದದ್ದು ಏನು ಗಮನಿಸಿ. ಮಾಹಿತಿ ತಪಾಸಣೆಗಾರರ ಕೈಗೆ ಹೋದ ಕೂಡಲೇ ಅದರ ಬಂಡವಾಳ ಬಯಲಾಯಿತು. ಹುಡುಕಾಟಕ್ಕೆ ಒಂದು ತಿಂಗಳು ಸಾಕಾಯಿತು, ಗೋಡೆಗೆ ಒಂದು ಬೆಳಿಗ್ಗೆ ಸಾಕಾಯಿತು. ಯುದ್ಧ ಶುರುವಾಗಿ ಮೂರು ತಿಂಗಳ ಮೇಲೆ ಬ್ಲಿಕ್ಸ್ ಹೇಳಿದರು: ಗುಪ್ತಚರರು ಹೇಳಿದ ಜಾಗಗಳಿಗೆ ಹೋದಾಗ ಏನಾದರೂ ಸಿಕ್ಕಿದ್ದು ಮೂರು ಕಡೆ ಮಾತ್ರ, ಅಲ್ಲೂ ಸಾಮೂಹಿಕ ವಿನಾಶದ ಅಸ್ತ್ರ ಇರಲಿಲ್ಲ. ಅಸ್ತ್ರ ಇದೆ ಎನ್ನುವುದರಲ್ಲಿ ನೂರಕ್ಕೆ ನೂರು ಖಾತ್ರಿ, ಎಲ್ಲಿದೆ ಎನ್ನುವುದರಲ್ಲಿ ಸೊನ್ನೆ, ಇದು ಹೇಗೆ ಎಂದೂ ಅವರು ಕೇಳಿದರು. ನನ್ನ ಅಭಿಪ್ರಾಯ ಏನೆಂದರೆ, ಆ 21 ಜಾಗಗಳನ್ನು ಕೊಟ್ಟಿದ್ದರೆ ಅಲ್ಲೂ ಏನೂ ಸಿಗುತ್ತಿರಲಿಲ್ಲ. ಯುದ್ಧದ ನಂತರ ಅಮೆರಿಕದವರೇ ತಿಂಗಳುಗಟ್ಟಲೆ ಇರಾಕನ್ನು ಜಾಲಾಡಿ, ದಾಸ್ತಾನು ಇರಲಿಲ್ಲ ಎಂದು 2004ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟರಲ್ಲ. ಅಲ್ಲಿಗೆ, ಮುಚ್ಚಿಟ್ಟ 21 ಜಾಗಗಳ ಹಿಂದೆ ಅಸ್ತ್ರದ ಗುಟ್ಟು ಇರಲಿಲ್ಲ. "ನಮಗೆ ಗೊತ್ತಿರುವುದು ಇಷ್ಟೇ, ಅದೂ ಗಟ್ಟಿ ಇಲ್ಲ" ಎಂಬ ಗುಟ್ಟು ಇತ್ತು. ಬೇಕೆಂದೇ ಹೀಗೆ ಮಾಡಿದರೋ, ಕಚೇರಿಯ ಅವ್ಯವಸ್ಥೆಯಿಂದ ಹೀಗಾಯಿತೋ ಎಂದರೆ, ಸಂಖ್ಯೆಯನ್ನು ಒಬ್ಬ ಸೆನೆಟರ್ ಪದೇ ಪದೇ ಎದುರಿಗಿಟ್ಟ ಮೇಲೂ ಅದೇ ಉತ್ತರ ಬಂದರೆ ಅವ್ಯವಸ್ಥೆ ಎಂದು ನಂಬುವುದು ನನಗೆ ಕಷ್ಟ.

ಅಮೆರಿಕಕ್ಕೆ ಬೈದು ಮನೆಗೆ ಹೋಗುವುದು ಸುಲಭ, ಹಾಗಾಗಿ ನಮ್ಮದೂ ಒಂದು ಹೇಳಿಬಿಡುತ್ತೇನೆ. ಭಾರತದ ಬಳಿ ರಾಸಾಯನಿಕ ಅಸ್ತ್ರ ಇಲ್ಲ ಎಂದೇ ನಮ್ಮ ಸರ್ಕಾರಗಳು ಹೇಳುತ್ತಾ ಬಂದಿದ್ದವು. 1992ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ಜೊತೆ ಜಂಟಿ ಘೋಷಣೆಯನ್ನೂ ಮಾಡಿದೆವು, ಇಂಥ ಅಸ್ತ್ರ ತಯಾರಿಸುವುದಿಲ್ಲ, ಪಡೆಯುವುದಿಲ್ಲ, ಬಳಸುವುದಿಲ್ಲ ಎಂದು. 1997ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಜಾರಿಗೆ ಬಂತು, ಅದರ ಪ್ರಕಾರ ಪಟ್ಟಿ ಕೊಡಬೇಕಾಯಿತು. ಆಗ ಹೊರಬಂದದ್ದು ಸಾವಿರ ಟನ್ನಿಗೂ ಜಾಸ್ತಿ ಮಸ್ಟರ್ಡ್ ರಾಸಾಯನಿಕ. ಪಾಕಿಸ್ತಾನದವರು ಗಲಾಟೆ ಮಾಡಿದರು, ಮಾಡದೇ ಇರುತ್ತಾರಾ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನಾವೇ ಘೋಷಿಸಿದೆವು, ಅಂತರರಾಷ್ಟ್ರೀಯ ತಪಾಸಣೆಗಾರರ ಎದುರಿಗೇ ನಾಶ ಮಾಡಿದೆವು, 2009ಕ್ಕೆ ಎಲ್ಲ ಮುಗಿಸಿದೆವು. ಅಮೆರಿಕ ತನ್ನ ದಾಸ್ತಾನು ಮುಗಿಸಿದ್ದು 2023ರಲ್ಲಿ.

ಒಬ್ಬರು ಹಿರಿಯರು ಕೈಗಾ ಅಣು ವಿದ್ಯುತ್ ಸ್ಥಾವರದ ಬಗ್ಗೆ ಕೇಳಿದ್ದಾರೆ, ಅಲ್ಲಿಗೂ ಇಂಥ ತಪಾಸಣೆ ಇದೆಯಾ ಎಂದು. ಮಲ್ಲಾಪುರದ ದಾರಿಯಲ್ಲಿ ಓಡಾಡುವ ನಮಗೆ ಆ ಪ್ರಶ್ನೆ ಬರದೇ ಇರುವುದಿಲ್ಲ. ಕೈಗಾದ ನಾಲ್ಕು ರಿಯಾಕ್ಟರ್‌ಗಳಿಗೂ ಐಎಇಎ ತಪಾಸಣೆ ಇಲ್ಲ. ಅಮೆರಿಕದ ಜೊತೆ ಅಣು ಒಪ್ಪಂದ ಆದಾಗ, 2006ರಲ್ಲಿ, ಯಾವ ರಿಯಾಕ್ಟರ್ ತಪಾಸಣೆಗೆ ಕೊಡುತ್ತೇವೆ, ಯಾವುದು ಕೊಡುವುದಿಲ್ಲ ಎಂದು ಭಾರತ ಪಟ್ಟಿ ಮಾಡಿತು. 22ರಲ್ಲಿ 14 ಒಳಗೆ, 8 ಹೊರಗೆ. ಕೈಗಾ ಹೊರಗಿನ ಎಂಟರಲ್ಲಿದೆ. ನೋಡಿ, ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ಸರಿಯಾದ ಉದಾಹರಣೆ. ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾರೆ, ಸಂಸತ್ತಿನಲ್ಲೇ ಹೇಳಿದ್ದಾರೆ. ಅದು ಸರಿಯಲ್ಲ ಎಂದು ನೀವು ವಾದ ಮಾಡಬಹುದು, ಯಾಕೆಂದರೆ ವಾದ ಮಾಡಲು ಬೇಕಾದ ಸಂಖ್ಯೆ ನಿಮ್ಮ ಕೈಯಲ್ಲಿದೆ. ಇನ್ನೊಂದು ತಮಾಷೆಯೂ ಇದೆ. ಭಾರತ, ಪಾಕಿಸ್ತಾನ ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವುದಿಲ್ಲ ಎಂದು 1988ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರ ಪ್ರಕಾರ ಪ್ರತಿ ವರ್ಷ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ಅಕ್ಷಾಂಶ, ರೇಖಾಂಶ ಸಮೇತ ಕೊಟ್ಟುಕೊಳ್ಳಬೇಕು. 1992ರಿಂದ ಕೊಡುತ್ತಲೇ ಇದ್ದಾರೆ, ಕಾರ್ಗಿಲ್ ಆದ ಮೇಲೂ, ಮುಂಬೈ ದಾಳಿ ಆದ ಮೇಲೂ ನಿಲ್ಲಿಸಲಿಲ್ಲ. ವಿದ್ಯುತ್ ರಿಯಾಕ್ಟರ್‌ಗಳೂ ಆ ಒಪ್ಪಂದದಲ್ಲಿ ಸೇರಿವೆ. ವಿಯೆನ್ನಾದ ತಪಾಸಣೆಗಾರ ಬರದ ಕೈಗಾದ ವಿಳಾಸ ಹೊಸ ವರ್ಷದ ದಿನ ಇಸ್ಲಾಮಾಬಾದಿಗೆ ಹೋಗುತ್ತದೆ. ಆ ಪಟ್ಟಿ ನಿಮಗೆ, ನನಗೆ ಮಾತ್ರ ಸಿಗುವುದಿಲ್ಲ.

ಹಿಂದಿನ ಸಾಲಿನ ಹುಡುಗಿ ಕೇಳಿದ್ದು, ಇಷ್ಟೆಲ್ಲ ಗೊತ್ತಾದ ಮೇಲೆ ಯಾರಿಗಾದರೂ ಶಿಕ್ಷೆ ಆಯಿತಾ ಎಂದು. ಇಲ್ಲ. ಸೆನೆಟ್‌ನಲ್ಲಿ ತಪ್ಪು ಹೇಳಿದ್ದಕ್ಕೆ ಯಾರ ಮೇಲೂ ಕೇಸು ಆಗಲಿಲ್ಲ. ಟೆನೆಟ್ 2004ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಕುಟುಂಬದ ಕಾರಣ ಎಂದರು. ಅದೇ ಡಿಸೆಂಬರ್‌ನಲ್ಲಿ ಬುಷ್ ಅವರನ್ನು ಕರೆದು, ಅಲ್ಲಿನ ನಾಗರಿಕರಿಗೆ ಕೊಡುವ ಅತಿ ದೊಡ್ಡ ಗೌರವ, ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಕೊರಳಿಗೆ ಹಾಕಿದರು. ರೈಸ್ ಮುಂದಿನ ತಿಂಗಳು ವಿದೇಶಾಂಗ ಸಚಿವೆ ಆದರು. ಅನ್ಮೋವಿಕ್ ಕಚೇರಿ ಮಾತ್ರ ಕೆಲಸ ಇಲ್ಲದೆ ನ್ಯೂಯಾರ್ಕಿನಲ್ಲಿ ಇನ್ನೂ ಕೆಲವು ವರ್ಷ ಇತ್ತು, 2007ರ ಜೂನ್‌ನಲ್ಲಿ ಭದ್ರತಾ ಮಂಡಳಿ ಅದಕ್ಕೆ ಬೀಗ ಹಾಕಿತು.